ಠೇವಣಿ ಕಟ್ಟಿದವರಿಗೆಲ್ಲ ವಿಕಿಪೀಡಿಯ ಪುಟ ಬೇಕೆ?

ಚುನಾವಣೆ ಹತ್ತಿರ ಬಂತೆಂದರೆ ಊರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏಳುವುದು ಹಳೆಯ ಕಥೆ. ಈಗ ಅದರ ಜೊತೆಗೆ ಇನ್ನೊಂದು ಬೇಡಿಕೆ ಹುಟ್ಟಿಕೊಂಡಿದೆ. 'ನಮ್ಮ ಅಣ್ಣಂದು ಒಂದು ವಿಕಿಪೀಡಿಯ ಪೇಜ್ ಮಾಡಿಕೊಡಿ' ಎಂಬ ಬೇಡಿಕೆ. ಪತ್ರಿಕೋದ್ಯಮ ಓದಿದವರು, ಕಂಪ್ಯೂಟರ್ ಗೊತ್ತಿದ್ದವರು ಎಂದು ನಮ್ಮಂಥವರನ್ನೂ ಕೇಳುತ್ತಾರೆ. ಅಣ್ಣ ಇನ್ನೂ ಯಾವ ಚುನಾವಣೆಯನ್ನೂ ಗೆದ್ದಿರುವುದಿಲ್ಲ. ಎಷ್ಟೋ ಸಲ ಟಿಕೆಟ್ಟೂ ಸಿಕ್ಕಿರುವುದಿಲ್ಲ. ಪುಟ ಇದ್ದರೆ ಟಿಕೆಟ್ ಸಿಗುತ್ತದೆ ಎಂಬ ಲೆಕ್ಕಾಚಾರವೂ ಅದರೊಳಗೆ ಇರುತ್ತದೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬೇಡ. ಚುನಾವಣೆಗೆ ನಿಂತರು ಎಂಬ ಒಂದೇ ಕಾರಣಕ್ಕೆ ಯಾರಿಗೂ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಬೇಡ. ಅದು ದೊಡ್ಡ ಪಕ್ಷದ ಅಭ್ಯರ್ಥಿಗೂ ಬೇಡ, ನಮಗೆ ಇಷ್ಟವಾದ ಪಕ್ಷೇತರ ಅಭ್ಯರ್ಥಿಗೂ ಬೇಡ. ಆದರೆ ಸೋತವರ ಹೆಸರು ಎಲ್ಲಿಯೂ ಉಳಿಯಬಾರದು ಎಂದು ನಾವು ಹೇಳುತ್ತಿಲ್ಲ. ಅವರ ಹೆಸರು ಎಲ್ಲಿ ಉಳಿಯಬೇಕು, ಅದನ್ನು ಯಾರು ಉಳಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಅದರಲ್ಲಿ ನಿಮ್ಮ ಕೆಲಸವೂ ಇದೆ, ನಮ್ಮದೂ ಇದೆ.

ಪುಟಕ್ಕೆ ಯಾಕೆ ಇಷ್ಟು ಆಸೆ?

ನೀವೇ ಫೋನಿನಲ್ಲಿ ನೋಡಿ. ಗೂಗಲ್‌ನಲ್ಲಿ ಒಬ್ಬ ಮಂತ್ರಿಯ ಹೆಸರು ಹಾಕಿದರೆ ಮೇಲೆಯೇ ಫೋಟೊ, ಹುಟ್ಟಿದ ದಿನ, ಪಕ್ಷ, ಊರು ಎಲ್ಲ ಒಂದು ಚೌಕಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಬಹಳಷ್ಟು ವಿಕಿಪೀಡಿಯದಿಂದ ಬಂದಿರುತ್ತದೆ. ಫೋನಿನಲ್ಲಿ ಮಾತಾಡಿ ಪ್ರಶ್ನೆ ಕೇಳುವ ಹೊಸ ಎಐ ಆ್ಯಪ್‌ಗಳೂ ಅಲ್ಲಿಂದಲೇ ಬಹಳಷ್ಟು ಕಲಿತಿವೆ. ಫ್ಲೆಕ್ಸ್ ನೋಡಿದರೆ 'ಇವನೇ ಹಾಕಿಸಿಕೊಂಡಿದ್ದು' ಎಂದು ಎಲ್ಲರಿಗೂ ಗೊತ್ತಾಗುತ್ತದೆ. ವಿಕಿಪೀಡಿಯ ನೋಡಿದರೆ ಹಾಗೆ ಅನ್ನಿಸುವುದಿಲ್ಲ. 'ಯಾರೋ ತಿಳಿದವರು, ಸಂಬಂಧ ಇಲ್ಲದವರು ಬರೆದಿದ್ದಾರೆ' ಅನ್ನಿಸುತ್ತದೆ. ಬೆಲೆ ಇರುವುದು ಆ ನಂಬಿಕೆಗೆ. ಪೇಜ್ ಕೇಳುವವರಿಗೆ ಬೇಕಾಗಿರುವುದೂ ಆ ನಂಬಿಕೆಯೇ. ಫ್ಲೆಕ್ಸಿನ ಮಾತನ್ನು ವಿಶ್ವಕೋಶದ ಬಾಯಲ್ಲಿ ಹೇಳಿಸಬೇಕು ಎಂಬುದು ಆಸೆ.

ಹಾಗೆ ಹೇಳಿಸಿದರೆ ಆ ನಂಬಿಕೆ ಎಷ್ಟು ದಿನ ಉಳಿದೀತು? ನಾಳೆ ನಿಮ್ಮ ಮಗ ಶಾಲೆಯ ಪ್ರಾಜೆಕ್ಟಿಗೆ ಅದೇ ವಿಕಿಪೀಡಿಯ ತೆರೆಯುತ್ತಾನೆ ಎಂಬುದನ್ನು ಮರೆಯಬೇಡಿ.

ನಿಯಮ ಏನು ಹೇಳುತ್ತದೆ

ವಿಕಿಪೀಡಿಯದಲ್ಲಿ ರಾಜಕಾರಣಿಗಳ ಬಗ್ಗೆ ಒಂದು ಸರಳ ನಿಯಮ ಇದೆ. ಸಂಸದ, ಶಾಸಕ, ಮಂತ್ರಿ ಹೀಗೆ ದೇಶ ಅಥವಾ ರಾಜ್ಯ ಮಟ್ಟದ ಸ್ಥಾನಕ್ಕೆ ಬಂದವರ ಬಗ್ಗೆ ಸಾಮಾನ್ಯವಾಗಿ ಲೇಖನ ಇರಬಹುದು. ಸ್ಥಳೀಯ ಮಟ್ಟದಲ್ಲಿ ಗೆದ್ದ ಮಾತ್ರಕ್ಕೆ ಲೇಖನ ಖಾತ್ರಿಯಿಲ್ಲ. ಚುನಾವಣೆಗೆ ನಿಂತ ಮಾತ್ರಕ್ಕೂ ಖಾತ್ರಿಯಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆ ವ್ಯಕ್ತಿಗೆ ಸಂಬಂಧ ಇಲ್ಲದ, ನಂಬಬಹುದಾದ ಪತ್ರಿಕೆ ಪುಸ್ತಕಗಳು ಅವರ ಬಗ್ಗೆ ವಿವರವಾಗಿ ಬರೆದಿದ್ದರೆ, ಗೆಲ್ಲದಿದ್ದರೂ ಲೇಖನ ಇರಬಹುದು. ಅಭ್ಯರ್ಥಿಯ ಹೆಸರನ್ನು ಯಾರಾದರೂ ಹುಡುಕಿದರೆ ಆ ಚುನಾವಣೆಯ ಲೇಖನಕ್ಕೆ ಕರೆದೊಯ್ಯುವ ವ್ಯವಸ್ಥೆಯೂ ಇದೆ.

ಇದನ್ನು ನಮ್ಮ ಹಳ್ಳಿಯ ಲೆಕ್ಕದಲ್ಲಿ ಇಟ್ಟು ನೋಡಿ. ನಮ್ಮ ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಜನರ ಓಟು ಪಡೆದು ಗೆದ್ದು, ಐದು ವರ್ಷ ನೀರು, ದೀಪ, ಚರಂಡಿ ಅಂತ ಓಡಾಡಿದ ಪಂಚಾಯಿತಿ ಅಧ್ಯಕ್ಷೆಗೇ ಅಲ್ಲಿ ತಾನಾಗಿ ಲೇಖನ ಸಿಗುವುದಿಲ್ಲ. ಒಂದು ದಿನವೂ ಯಾವ ಕುರ್ಚಿಯಲ್ಲೂ ಕೂರದ ವಿಧಾನಸಭಾ ಅಭ್ಯರ್ಥಿಗೆ ಸಿಗಬೇಕು ಎನ್ನುವುದು ಯಾವ ನ್ಯಾಯ?

ಹತ್ತು ಸಾವಿರಕ್ಕೆ ಒಂದು ಪುಟ

ವಿಧಾನಸಭೆಗೆ ನಿಲ್ಲಲು ಠೇವಣಿ 10,000 ರೂಪಾಯಿ. ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಆ ಹಣ ಸರ್ಕಾರಕ್ಕೆ ಹೋಗುತ್ತದೆ. 'ನಿಂತವರಿಗೆಲ್ಲ ಲೇಖನ' ಎಂದು ಒಪ್ಪಿಕೊಂಡರೆ, ಹತ್ತು ಸಾವಿರ ರೂಪಾಯಿ ಕಟ್ಟಿದವರಿಗೆಲ್ಲ ವಿಶ್ವಕೋಶದಲ್ಲಿ ಜಾಗ ಎಂದು ಒಪ್ಪಿಕೊಂಡ ಹಾಗೆ. ಜಿಲ್ಲಾ ಕೇಂದ್ರದ ಒಂದು ದೊಡ್ಡ ಫ್ಲೆಕ್ಸ್ ಪ್ರಚಾರಕ್ಕಿಂತ ಅಗ್ಗ!

ಇದು ಬರೀ ಮಾತಲ್ಲ, ಹಿಂದೆ ನಡೆದದ್ದನ್ನು ನೋಡಿ. 1996ರಲ್ಲಿ ಲೋಕಸಭೆಯ ಠೇವಣಿ ಬರೀ 500 ರೂಪಾಯಿ ಇತ್ತು. ಆ ಸಲ ದೇಶದಲ್ಲಿ 13,952 ಮಂದಿ ಕಣದಲ್ಲಿದ್ದರು. ನಮ್ಮ ಬೆಳಗಾವಿ ಕ್ಷೇತ್ರ ಒಂದರಲ್ಲೇ 456 ಮಂದಿ. ಆಂಧ್ರದ ನಲ್ಗೊಂಡದಲ್ಲಿ 480. ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ ಸಾವಿರ ದಾಟಿ 1,033. ಮತಪತ್ರ ಹಾಳೆ ಹೋಗಿ ಪುಸ್ತಕವಾಯಿತು. ಆಮೇಲೆ ಠೇವಣಿ ಏರಿಸಿ, ಪಕ್ಷೇತರರಿಗೆ ಹತ್ತು ಸೂಚಕರು ಬೇಕು ಎಂದು ಕಾನೂನು ಬಿಗಿ ಮಾಡಿದರು. 1998ರಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಬಾಗಿಲು ಎಷ್ಟು ಅಗಲವೋ ಅಷ್ಟು ಜನ ಎಂಬುದು ಇದರಿಂದ ಗೊತ್ತಾಗುತ್ತದೆ.

2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ 2,600ಕ್ಕೂ ಹೆಚ್ಚು ಜನ ನಿಂತಿದ್ದರು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಎರಡು ದಶಕ ಕಳೆದರೂ ಅದರಲ್ಲಿ ಇರುವುದು ಮೂವತ್ತು ಸಾವಿರದಷ್ಟು ಲೇಖನ ಮಾತ್ರ. ಇಂಗ್ಲಿಷ್‌ನಲ್ಲಿ ಎಪ್ಪತ್ತು ಲಕ್ಷದ ಆಸುಪಾಸು ಇವೆ. ಕನ್ನಡದಲ್ಲಿ ಸಂಬಳ ಇಲ್ಲದೆ ಬರೆಯುವ, ತಿದ್ದುವ ಜನ ಕೆಲವೇ ಮಂದಿ. ಪ್ರತಿ ಚುನಾವಣೆಗೂ ಎರಡು ಸಾವಿರ ಸೋತ ಅಭ್ಯರ್ಥಿಗಳ 'ಜನಪ್ರಿಯ ನಾಯಕರು, ಸಮಾಜ ಸೇವಕರು, ಯುವಕರ ಕಣ್ಮಣಿ' ಎಂಬ ಪುಟಗಳು ಬಂದು ಬಿದ್ದರೆ ಆ ಕೆಲವೇ ಮಂದಿ ಏನು ಮಾಡಬೇಕು? ರಾಗಿಯ ಬಗ್ಗೆ ಬರೆಯಬೇಕೋ, ಅಣ್ಣಂದಿರ ಪುಟ ತೊಳೆಯುತ್ತ ಕೂರಬೇಕೋ?

ಇನ್ನೊಂದು ಮಂಡ್ಯದ ಉದಾಹರಣೆ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತರು. ಅದೇ ಕಣದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಇದ್ದರು. ಹೆಸರು ನೋಡಿ ಓಟು ತಪ್ಪಲಿ ಎಂಬ ಈ ಆಟ ನಮ್ಮ ಓದುಗರಿಗೆ ಹೊಸದೇನಲ್ಲ. ಕಣದಲ್ಲಿ ಇದ್ದವರಿಗೆಲ್ಲ ಲೇಖನ ಎಂದರೆ ನಾಲ್ಕು ಸುಮಲತಾರಿಗೂ ಲೇಖನ ಬರೆಯಬೇಕು. ಮತಯಂತ್ರದಲ್ಲಿ ಆದ ಗೊಂದಲವನ್ನು ವಿಶ್ವಕೋಶದಲ್ಲೂ ಮಾಡಿದ ಹಾಗಾಗುತ್ತದೆ.

ಹಾಗಾದರೆ ಸೋತವರಿಗೆ ಬೆಲೆ ಇಲ್ಲವೇ?

ಇದೆ. ತುಂಬ ಇದೆ. ಅಂಬೇಡ್ಕರ್ ಅವರು 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಮುಂಬೈ ಉತ್ತರದಲ್ಲಿ ಸೋತರು. 1954ರ ಉಪಚುನಾವಣೆಯಲ್ಲಿ ಭಂಡಾರದಲ್ಲಿ ಮತ್ತೆ ಸೋತರು. ಶಿವರಾಮ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಇವರ ಲೇಖನಗಳನ್ನು ಯಾರಾದರೂ ತೆಗೆಯುತ್ತಾರೆಯೇ? ಅವರ ಲೇಖನ ಇರುವುದು ಅವರು ಚುನಾವಣೆಗೆ ನಿಂತದ್ದಕ್ಕಲ್ಲ. ಬದುಕಿನಲ್ಲಿ ಮಾಡಿದ ಕೆಲಸಕ್ಕೆ. ಸೋಲು ಆ ಲೇಖನದಲ್ಲಿ ಒಂದು ಸಾಲು ಅಷ್ಟೇ.

ಸೋಲೇ ಸುದ್ದಿಯಾದವರೂ ಇದ್ದಾರೆ. ನಮ್ಮ ಹೊಟ್ಟೆ ಪಕ್ಷದ ರಂಗಸ್ವಾಮಿಯವರು ಎಂಬತ್ತಕ್ಕೂ ಹೆಚ್ಚು ಚುನಾವಣೆಗೆ ನಿಂತರು, ಒಂದನ್ನೂ ಗೆಲ್ಲಲಿಲ್ಲ. ತಮಿಳುನಾಡಿನ ಮೆಟ್ಟೂರಿನ ಪದ್ಮರಾಜನ್ 1988ರಿಂದ ಇನ್ನೂರಕ್ಕೂ ಹೆಚ್ಚು ಸಲ ನಾಮಪತ್ರ ಹಾಕಿದ್ದಾರೆ. ಪ್ರಧಾನಿಗಳ ಎದುರೇ ನಿಂತಿದ್ದಾರೆ. ಇವರ ಬಗ್ಗೆ ದೇಶದ ಪತ್ರಿಕೆಗಳು ವರ್ಷಗಟ್ಟಲೆ ಬರೆದಿವೆ. ಹಾಗಾಗಿ ಇವರಿಗೆ ಲೇಖನ ಸಲ್ಲುತ್ತದೆ. ಗೆದ್ದರೇ ಸೋತರೇ ಎಂಬುದು ನಿಯಮದ ಪ್ರಶ್ನೆಯಲ್ಲ. ಸಂಬಂಧ ಇಲ್ಲದವರು ನಿಮ್ಮ ಬಗ್ಗೆ ಗಂಭೀರವಾಗಿ ಬರೆದಿದ್ದಾರೆಯೇ ಎಂಬುದು ಪ್ರಶ್ನೆ.

ಸೋತವರ ಬಗ್ಗೆ ಹೇಗೆ ಬರೆಯಬೇಕು ಎನ್ನುವುದಕ್ಕೆ ರೈತರದ್ದೇ ಒಂದು ದೊಡ್ಡ ಉದಾಹರಣೆ ಇದೆ. 2019ರಲ್ಲಿ ತೆಲಂಗಾಣದ ನಿಜಾಮಾಬಾದ್ ಲೋಕಸಭಾ ಕ್ಷೇತ್ರದಲ್ಲಿ 185 ಅಭ್ಯರ್ಥಿಗಳು. ಅವರಲ್ಲಿ 178 ಮಂದಿ ರೈತರು. ಅರಿಶಿನಕ್ಕೆ, ಕೆಂಪು ಜೋಳಕ್ಕೆ ಸರಿಯಾದ ಬೆಲೆ ಕೊಡಿ, ಅರಿಶಿನ ಮಂಡಳಿ ಮಾಡಿ ಎಂದು ಒಟ್ಟಾಗಿ ನಾಮಪತ್ರ ಹಾಕಿದರು. ಪ್ರತಿ ಮತಗಟ್ಟೆಯಲ್ಲಿ ಹನ್ನೆರಡು ಮತಯಂತ್ರ ಸಾಲಾಗಿ ಇಡಬೇಕಾಯಿತು. ಅವರಲ್ಲಿ ಯಾರೂ ಗೆಲ್ಲಲಿಲ್ಲ. ಆದರೆ ಆಗಿನ ಮುಖ್ಯಮಂತ್ರಿಯ ಮಗಳು, ಹಾಲಿ ಸಂಸದೆಯಾಗಿದ್ದ ಕೆ. ಕವಿತಾ ಸೋತರು. ಅರಿಶಿನ ಮಂಡಳಿ ಪ್ರತಿ ಪಕ್ಷದ ಭಾಷಣಕ್ಕೂ ಬಂತು. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅರಿಶಿನ ಮಂಡಳಿ ಘೋಷಿಸಿತು. 2025ರ ಜನವರಿಯಲ್ಲಿ ನಿಜಾಮಾಬಾದ್‌ನಲ್ಲೇ ಅದು ಶುರುವಾಯಿತು.

ಈ ಸುದ್ದಿಗೆ 178 ಪುಟ ಬೇಕೇ? 'ಇವರು ರೈತರು, ಇಂಥ ಊರಿನವರು, ಸೋತರು' ಎಂದು 178 ಸಲ ಬರೆದರೆ ಯಾರು ಓದುತ್ತಾರೆ? ಆ ಚುನಾವಣೆಯ ಒಂದೇ ಲೇಖನದಲ್ಲಿ ಈ ಹೋರಾಟವನ್ನು ಗಟ್ಟಿಯಾಗಿ ಬರೆದರೆ ಅದು ನೂರು ವರ್ಷ ಉಳಿಯುತ್ತದೆ. ಅವರ ಶಕ್ತಿ ಇದ್ದದ್ದು ಒಟ್ಟಾಗಿ ನಿಂತದ್ದರಲ್ಲಿ. ಅದನ್ನು ಚೂರು ಮಾಡಿ ಹಂಚಿದರೆ ಚರಿತ್ರೆಯೇ ಚೂರಾಗುತ್ತದೆ.

ಎದುರು ವಾದವನ್ನೂ ಕೇಳೋಣ

ನಮ್ಮ ಮಾತಿಗೆ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಮುಚ್ಚಿಡುವುದಿಲ್ಲ. ಹಾಲಿ ಶಾಸಕರಿಗೆ ಪುಟ ಇದೆ, ಎದುರು ನಿಂತವರಿಗೆ ಇಲ್ಲ. ಮತದಾರ ಫೋನಿನಲ್ಲಿ ಹುಡುಕಿದಾಗ ಒಬ್ಬರ ಫೋಟೊ, ಸಾಧನೆ ಎಲ್ಲ ಕಾಣುತ್ತದೆ, ಇನ್ನೊಬ್ಬರದ್ದು ಖಾಲಿ. ಇದು ಕುರ್ಚಿಯಲ್ಲಿ ಕೂತವರಿಗೆ ಅನುಕೂಲವಲ್ಲವೇ?

ಈ ಜಗಳ ಅಮೆರಿಕದಲ್ಲಿ ದೊಡ್ಡದಾಗಿಯೇ ನಡೆಯಿತು. 2020ರಲ್ಲಿ ಅಯೋವಾ ರಾಜ್ಯದಿಂದ ಸೆನೆಟ್‌ಗೆ ಹಾಲಿ ಸೆನೆಟರ್ ಜೋನಿ ಅರ್ನ್‌ಸ್ಟ್ ಎದುರು ಥೆರೆಸಾ ಗ್ರೀನ್‌ಫೀಲ್ಡ್ ನಿಂತರು. ದೇಶವೇ ನೋಡುತ್ತಿದ್ದ ಸ್ಪರ್ಧೆ. ಕೆಲವು ಸಮೀಕ್ಷೆಗಳಲ್ಲಿ ಗ್ರೀನ್‌ಫೀಲ್ಡ್ ಮುಂದಿದ್ದರು. ಆದರೂ ವಿಕಿಪೀಡಿಯದಲ್ಲಿ ಅವರಿಗೆ ತಿಂಗಳುಗಟ್ಟಲೆ ಸ್ವಂತ ಲೇಖನ ಇರಲಿಲ್ಲ. ಬರೆದದ್ದು ಮತ್ತೆ ಮತ್ತೆ ತಿರಸ್ಕಾರವಾಯಿತು. ಹುಡುಕಿದವರು ಚುನಾವಣೆಯ ಲೇಖನಕ್ಕೆ ಹೋಗುತ್ತಿದ್ದರು. ಅನ್ಯಾಯ ಎಂದು ಬಹಳ ಜನ ಕೂಗಿದರು. ಕೊನೆಗೆ ಅವರು ಚುನಾವಣೆಯಲ್ಲಿ ಸೋತರು.

ಗ್ರೀನ್‌ಫೀಲ್ಡ್ ವಿಷಯದಲ್ಲಿ ನಿಯಮ ತಪ್ಪಿತು ಎಂದು ನಾವು ಹೇಳುವುದಿಲ್ಲ. ನಿಯಮವನ್ನು ಹಿಡಿದವರು ಬಿಗಿಯಾಗಿ ಹಿಡಿದರು ಎನ್ನುತ್ತೇವೆ. ರಾಷ್ಟ್ರಮಟ್ಟದ ಪತ್ರಿಕೆಗಳು ಅವರ ಬದುಕು, ಕೆಲಸ, ನಿಲುವುಗಳ ಬಗ್ಗೆ ಉದ್ದುದ್ದ ಬರೆದಿದ್ದವು. 'ಸಂಬಂಧ ಇಲ್ಲದವರು ವಿವರವಾಗಿ ಬರೆದಿರಬೇಕು' ಎಂಬ ಅಳತೆಯಲ್ಲೇ ಅವರು ಪಾಸಾಗುತ್ತಿದ್ದರು. ಅದಕ್ಕೆ ಅಭ್ಯರ್ಥಿಗಳಿಗೆಲ್ಲ ಲೇಖನ ಎಂಬ ಹೊಸ ನಿಯಮ ಬೇಕಿರಲಿಲ್ಲ. 2018ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್ ತಮ್ಮದೇ ಪಕ್ಷದ ಹಳೆಯ ಹುಲಿ ಜೋ ಕ್ರೌಲಿಯನ್ನು ಜೂನ್ ತಿಂಗಳ ಒಳಚುನಾವಣೆಯಲ್ಲಿ ಸೋಲಿಸಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ನವೆಂಬರ್ ಚುನಾವಣೆಗೆ ಮುಂಚೆಯೇ ಅವರಿಗೆ ಲೇಖನ ಇತ್ತು. ಗೆಲ್ಲುವವರೆಗೆ ಕಾಯಬೇಕಾಗಲಿಲ್ಲ.

ನಮ್ಮ ಚಾಮರಾಜನಗರ ಜಿಲ್ಲೆಯಿಂದ ಇನ್ನೂ ಕಠಿಣ ಉದಾಹರಣೆ ಕೊಡಬಹುದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ಓಟಿನ ಅಂತರ. ಒಂದು ಓಟಿನಲ್ಲಿ ಗೆದ್ದವರು 'ದೊಡ್ಡವರು', ಒಂದು ಓಟಿನಲ್ಲಿ ಸೋತವರು 'ಯಾರೂ ಅಲ್ಲ' ಎನ್ನುವುದು ಸರಿಯೇ?

ಒಂದು ಓಟಿನಿಂದ ಮನುಷ್ಯನ ಯೋಗ್ಯತೆ ಬದಲಾಗುವುದಿಲ್ಲ. ಆದರೆ ಅಧಿಕಾರ ಬದಲಾಗುತ್ತದೆ. ಗೆದ್ದವರು ವಿಧಾನಸಭೆಯಲ್ಲಿ ಕೂತರು. ಪ್ರಶ್ನೆ ಕೇಳಿದರು, ಮಸೂದೆಗೆ ಕೈ ಎತ್ತಿದರು, ಅನುದಾನ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಮಾತು ಹೇಳಿದರು. ಅದಕ್ಕೆಲ್ಲ ದಾಖಲೆ ಇದೆ. ಅಧಿಕಾರ ಇದ್ದವರ ಮೇಲೆ ನಮಗೆ ಕಣ್ಣಿರಬೇಕು. ಶಾಸಕರ ಲೇಖನ ಇರುವುದು ಅವರಿಗೆ ಸನ್ಮಾನ ಮಾಡಲು ಅಲ್ಲ, ಅವರ ಲೆಕ್ಕ ಇಡಲು. ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ವಿಕಿಪೀಡಿಯದ ಲೇಖನ ಶಾಲು ಹಾರ ಅಲ್ಲ. ಅಂದಹಾಗೆ ಆ ಒಂದು ಓಟಿನ ಸೋಲಿನ ಬಗ್ಗೆ ದೇಶವೆಲ್ಲ ಬರೆಯಿತು, ಈಗಲೂ ಬರೆಯುತ್ತದೆ. ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಬಂದರು.

ಇನ್ನು ಹಾಲಿ ಶಾಸಕರ ಪುಟ ಹೊಗಳಿಕೆಯಿಂದ ತುಂಬಿದ್ದರೆ? ಅದಕ್ಕೆ ಎದುರಾಳಿಯ ಹೊಗಳಿಕೆಯ ಪುಟ ಮದ್ದಲ್ಲ. ಶಾಸಕರ ಪುಟದಿಂದ ಹೊಗಳಿಕೆ ತೆಗೆಯುವುದೇ ಮದ್ದು. ಒಂದು ಗದ್ದೆಯಲ್ಲಿ ಕಳೆ ಬಂದಿದೆ ಎಂದು ಪಕ್ಕದ ಗದ್ದೆಯಲ್ಲೂ ಕಳೆ ಬಿತ್ತುತ್ತಾರೆಯೇ?

ಪುಟ ಅಭ್ಯರ್ಥಿಗೇ ಉರುಳಾಗಬಹುದು

ಪೇಜ್ ಬೇಕು ಎನ್ನುವವರು ಒಂದು ವಿಷಯ ಯೋಚಿಸಿರುವುದಿಲ್ಲ. ವಿಕಿಪೀಡಿಯ ಪುಟ ನಿಮ್ಮ ಆಸ್ತಿಯಲ್ಲ. ನೀವು ಬರೆಸಿದ ಪುಟವನ್ನು ನಾಳೆ ನಿಮ್ಮ ವಿರೋಧಿಯೂ ತಿದ್ದಬಹುದು. ಪತ್ರಿಕೆಯಲ್ಲಿ ಬಂದ ನಿಮ್ಮ ಮೇಲಿನ ಕೇಸು, ಪಕ್ಷ ಬದಲಿಸಿದ ಕಥೆ ಎಲ್ಲ ಅದರಲ್ಲಿ ಸೇರಬಹುದು. ಬೇಡ ಎಂದರೆ ಅಳಿಸುವ ಹಕ್ಕು ನಿಮಗಿಲ್ಲ.

ಮಂತ್ರಿಯ ಪುಟವನ್ನು ದಿನಾ ನೂರು ಜನ ನೋಡುತ್ತಾರೆ. ಸುಳ್ಳು ಸೇರಿದರೆ ಯಾರಾದರೂ ತೆಗೆಯುತ್ತಾರೆ. ಒಂದು ಸಲ ನಿಂತು ಸೋತು, ಮತ್ತೆ ಹೊಲ ಮನೆ ಅಂತ ಇರುವ ಹೆಣ್ಣುಮಗಳ ಪುಟವನ್ನು ಯಾರು ಕಾಯುತ್ತಾರೆ? ಅಲ್ಲಿ ಯಾರೋ ಒಬ್ಬರು ಒಂದು ಕೆಟ್ಟ ಸಾಲು ಸೇರಿಸಿ ಹೋದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಮಗಳ ಮದುವೆ ಮಾತುಕತೆಗೆ ಬಂದವರು ಗೂಗಲ್ ಮಾಡಿದರೆ ಮೊದಲು ಕಾಣುವುದೇ ಅದು. ಬದುಕಿರುವವರ ಬಗ್ಗೆ ಬರೆಯುವಾಗ ಇನ್ನೂ ಎಚ್ಚರ ಬೇಕು ಎಂದು ವಿಕಿಪೀಡಿಯದ ನಿಯಮ ಹೇಳುವುದು ಇದಕ್ಕೇ. ಸಾರ್ವಜನಿಕ ಬದುಕಿನಲ್ಲಿ ಒಂದು ತಿಂಗಳು ಇದ್ದವರಿಗೆ, ಮತ್ತೆ ಖಾಸಗಿ ಬದುಕಿಗೆ ಮರಳುವ ಹಕ್ಕಿದೆ. ಪುಟ ಇಲ್ಲದಿರುವುದು ಅವರಿಗೆ ಅವಮಾನವಲ್ಲ, ರಕ್ಷಣೆ.

ದುಡ್ಡಿನ ಮೋಸವೂ ಇದೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಜಾಲ ಸಿಕ್ಕಿಬಿತ್ತು. ಒಟ್ಟು 381 ಖಾತೆಗಳನ್ನು ಮುಚ್ಚಲಾಯಿತು. ಆ ಜಾಲದವರು ತಿರಸ್ಕಾರವಾದ ಲೇಖನಗಳನ್ನು ಹುಡುಕಿ, ಆ ಜನರನ್ನು ಸಂಪರ್ಕಿಸಿ, 'ದುಡ್ಡು ಕೊಡಿ, ಹಾಕಿಸಿಕೊಡುತ್ತೇವೆ' ಎನ್ನುತ್ತಿದ್ದರು. ಹಾಕಿಸಿದ ಮೇಲೆ 'ಪುಟ ಅಳಿಸದೆ ಉಳಿಯಬೇಕಾದರೆ ತಿಂಗಳು ತಿಂಗಳು ಕೊಡಿ' ಎನ್ನುತ್ತಿದ್ದರು. ಹಾಗಾಗಿ ಯಾರಾದರೂ 'ಇಷ್ಟು ಸಾವಿರ ಕೊಟ್ಟರೆ ವಿಕಿಪೀಡಿಯ ಗ್ಯಾರಂಟಿ' ಎಂದರೆ ನಂಬಬೇಡಿ. ವಿಕಿಪೀಡಿಯದಲ್ಲಿ ಲೇಖನಕ್ಕೆ ಶುಲ್ಕ ಎಂಬುದೇ ಇಲ್ಲ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕು ಎಂಬ ನಿಯಮ ಇದೆ. ಯಾವ ಗ್ಯಾರಂಟಿಯನ್ನೂ ಯಾರೂ ಕೊಡುವಂತಿಲ್ಲ.

ಕನ್ನಡಿಯನ್ನು ಬೈದರೆ ಏನು ಬಂತು?

ಈಗ ನಮ್ಮ ಕಡೆಗೇ ಬರೋಣ. ವಿಕಿಪೀಡಿಯದ ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ. ಫಲ ಮಾತ್ರ ಒಂದೇ ಆಗಿರುವುದಿಲ್ಲ. ನಿಖಿಲ್ ಕುಮಾರಸ್ವಾಮಿಯವರು 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರಲ್ಲಿ ಚನ್ನಪಟ್ಟಣ ಹೀಗೆ ಮೂರು ಕಡೆ ಸೋತಿದ್ದಾರೆ. ಅವರ ಬಗ್ಗೆ ಲೇಖನ ಇದೆ. ಅವರು ಸಿನಿಮಾ ನಟರು, ಪತ್ರಿಕೆ ಟಿವಿಗಳು ದಿನಾ ಅವರ ಬಗ್ಗೆ ಹೇಳಿದವು. ನಿಯಮದ ಪ್ರಕಾರ ಅದು ಸರಿ, ಅವರದ್ದು ತಪ್ಪೂ ಇಲ್ಲ. ಸಂಬಂಧದಿಂದ ಯಾರಿಗೂ ಲೇಖನ ಸಿಗುವುದಿಲ್ಲ ಎಂದು ನಿಯಮ ಹೇಳುತ್ತದೆ. ಆದರೆ ಸಂಬಂಧದಿಂದ ಕ್ಯಾಮೆರಾ ಬರುತ್ತದೆ. ಕ್ಯಾಮೆರಾ ಬಂದರೆ ಸುದ್ದಿ, ಸುದ್ದಿ ಬಂದರೆ ಲೇಖನ.

ಅದೇ ಹೊತ್ತಿನಲ್ಲಿ ಯಾವುದೋ ಮೀಸಲು ಕ್ಷೇತ್ರದಲ್ಲಿ, ಭೂಮಿ ಹಕ್ಕಿಗಾಗಿ ಇಪ್ಪತ್ತು ವರ್ಷ ಹೋರಾಡಿದ ಕೂಲಿಕಾರ ಹೆಣ್ಣುಮಗಳೊಬ್ಬಳು ನಿಂತರೆ ಏನಾಗುತ್ತದೆ? ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಇತರರು' ಎಂಬ ಒಂದು ಪದ. ಫಲಿತಾಂಶದ ದಿನ ಒಂದು ಅಂಕಿ. ಅವಳ ಹೋರಾಟದ ಮೇಲೆ ನಾಲ್ಕು ಕಾಲಂ ಬಂದಿದ್ದರೆ ವಿಕಿಪೀಡಿಯದ ಅಳತೆಯಲ್ಲಿ ಅವಳೂ ಪಾಸಾಗುತ್ತಿದ್ದಳು. ನಾಲ್ಕು ಕಾಲಂ ಬರಲಿಲ್ಲ. ಇದು ಯಾರ ಸೋಲು? ವಿಕಿಪೀಡಿಯದ್ದಲ್ಲ. ಅದು ಕನ್ನಡಿ. ಎದುರಿಗೆ ಪತ್ರಿಕೆ ಏನು ತೋರಿಸುತ್ತದೋ ಅದು ಅದನ್ನು ತೋರಿಸುತ್ತದೆ. ಸೋತದ್ದು ಪತ್ರಿಕೋದ್ಯಮ.

ಹಾಗಾಗಿ 'ಅಭ್ಯರ್ಥಿಗಳಿಗೆಲ್ಲ ಪುಟ ಕೊಡಿ, ನ್ಯಾಯವಾಗುತ್ತದೆ' ಎಂಬ ಮಾತನ್ನು ನಾವು ನಂಬುವುದಿಲ್ಲ. ಪುಟ ಕೊಟ್ಟರೆ ಅದನ್ನು ಚೆಂದವಾಗಿ ತುಂಬುವವರು ಯಾರು? ಪ್ರಚಾರಕ್ಕೆ ಆಳು ಇಟ್ಟುಕೊಂಡವರು. ಅದೇ ಹಣವಂತರು. ಕೂಲಿಕಾರ ಹೆಣ್ಣುಮಗಳ ಪುಟ ಎರಡು ಸಾಲಿನದ್ದು, ಕ್ವಾರಿ ಮಾಲೀಕನ ಪುಟ ಇಪ್ಪತ್ತು ಪ್ಯಾರಾದ್ದು. ನಿಯಮ ಸಡಿಲ ಮಾಡಿದರೆ ಬಡವರಿಗೆ ಜಾಗ ಸಿಗುವುದಿಲ್ಲ. ದುಡ್ಡಿದ್ದವರಿಗೆ ಇನ್ನೂ ಒಂದು ಗೋಡೆ ಸಿಗುತ್ತದೆ, ಅಷ್ಟೇ.

ಮತದಾರನಿಗೆ ಬೇಕಾದದ್ದು ಬೇರೆ

ಓಟು ಹಾಕುವ ಮುಂಚೆ ಅಭ್ಯರ್ಥಿ ಯಾರು ಎಂದು ತಿಳಿಯುವುದು ನಿಮ್ಮ ಹಕ್ಕು. ಇದನ್ನು ನಾವು ಹೇಳುತ್ತಿಲ್ಲ, 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ತಪ್ಪಿಸಲು ಸಂಸತ್ತು ಕಾನೂನು ತಂದಾಗ 2003ರಲ್ಲಿ ಕೋರ್ಟ್ ಅದನ್ನೂ ಹೊಡೆದುಹಾಕಿತು. ಅಂದಿನಿಂದ ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಅಫಿಡವಿಟ್ ಕೊಡಬೇಕು. ಫಾರಂ 26 ಎಂದು ಅದರ ಹೆಸರು. ಕ್ರಿಮಿನಲ್ ಕೇಸು, ಜಮೀನು, ಚಿನ್ನ, ಸಾಲ, ಗಂಡ ಹೆಂಡತಿಯ ಆಸ್ತಿ, ಓದು ಎಲ್ಲ ಅದರಲ್ಲಿ ಇರಬೇಕು. ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ ಕೋರ್ಟ್ ಹೇಳಿತು. ಕ್ರಿಮಿನಲ್ ಕೇಸಿದ್ದವರು ಪತ್ರಿಕೆಯಲ್ಲಿ, ಟಿವಿಯಲ್ಲಿ ಅದನ್ನು ಪ್ರಕಟಿಸಬೇಕು ಎಂದು 2018ರಲ್ಲಿ ಹೇಳಿತು. ಅಂಥವರಿಗೆ ಯಾಕೆ ಟಿಕೆಟ್ ಕೊಟ್ಟಿರಿ ಎಂದು ಪಕ್ಷಗಳು ಕಾರಣ ಕೊಡಬೇಕು ಎಂದು 2020ರಲ್ಲಿ ಹೇಳಿತು.

ಈಗ ಹೋಲಿಸಿ ನೋಡಿ. ಅಫಿಡವಿಟ್‌ನಲ್ಲಿ ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಅಭಿಮಾನಿ ಬರೆದ ವಿಕಿಪೀಡಿಯ ಪುಟದಲ್ಲಿ ಸುಳ್ಳಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಅಫಿಡವಿಟ್ ಎಲ್ಲ ಅಭ್ಯರ್ಥಿಗೂ ಒಂದೇ ಫಾರಂ. ಕ್ವಾರಿ ಮಾಲೀಕನಿಗೂ ಅದೇ, ಕೂಲಿಕಾರಳಿಗೂ ಅದೇ. ಸಮಾನತೆ ಬೇಕಾದವರು ಅಲ್ಲಿ ನೋಡಲಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಮೈನೇತಾ ಎಂಬ ಸೈಟಿನಲ್ಲಿ ಅದನ್ನೇ ಸರಳ ಮಾಡಿ ಹಾಕಿರುತ್ತಾರೆ. 'ಅಣ್ಣನ ಪೇಜ್ ನೋಡಿ' ಎಂದು ಯಾರಾದರೂ ಲಿಂಕ್ ಕಳಿಸಿದರೆ, 'ಅಣ್ಣನ ಅಫಿಡವಿಟ್ ಕಳಿಸಿ' ಎಂದು ವಾಪಸ್ ಕೇಳಿ.

ಏನು ಮಾಡಬೇಕು

ಬೇಡ ಎಂದು ಹೇಳಿ ಸುಮ್ಮನೆ ಕೂರುವುದು ನಮಗೂ ಇಷ್ಟವಿಲ್ಲ. ಮಾಡಬೇಕಾದ ಕೆಲಸ ಇದೆ.

ಒಂದು. ನಿಮ್ಮ ವಿಧಾನಸಭಾ ಕ್ಷೇತ್ರದ ಹೆಸರನ್ನು ಕನ್ನಡ ವಿಕಿಪೀಡಿಯದಲ್ಲಿ ಹುಡುಕಿ. ಲೇಖನ ಇದೆಯೇ? ಯಾವ ಹೋಬಳಿಗಳು ಸೇರಿವೆ, 1952ರಿಂದ ಇಲ್ಲಿವರೆಗೆ ಯಾರು ಗೆದ್ದರು, ಯಾರು ಎಷ್ಟು ಓಟಿನಿಂದ ಸೋತರು ಎಂಬುದು ಇದೆಯೇ? ಇಲ್ಲದಿದ್ದರೆ ಸೇರಿಸಿ. ಚುನಾವಣಾ ಆಯೋಗದ ಫಲಿತಾಂಶ ವರದಿಗಳು ಎಲ್ಲರಿಗೂ ಸಿಗುತ್ತವೆ. ಅಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಅಭ್ಯರ್ಥಿಗಳ ಹೆಸರೂ ಓಟೂ ಇದೆ. ಸೋತವರಿಗೆ ಸಲ್ಲಬೇಕಾದ ಜಾಗ ಇದು. ಇಲ್ಲಿ 'ಇತರರು' ಎಂಬ ಪದ ಇರಬಾರದು.

ಎರಡು. ಗೆದ್ದವರ ಪುಟ ಓದಿ. 'ಜನಾನುರಾಗಿ', 'ಅಭಿವೃದ್ಧಿಯ ಹರಿಕಾರ' ಎಂಬ ಪದ ಕಂಡರೆ, ಅದಕ್ಕೆ ಆಧಾರ ಇಲ್ಲದಿದ್ದರೆ ತೆಗೆಯಿರಿ. ತಿದ್ದುವ ಗುಂಡಿ ನಿಮ್ಮ ಫೋನಿನಲ್ಲೂ ಇದೆ.

ಮೂರು. ಹಳೆಯ ಪತ್ರಿಕೆ ಕತ್ತರಿಸಿ ಇಟ್ಟವರು ನಿಮ್ಮ ಊರಲ್ಲಿ ಇರುತ್ತಾರೆ. ಅವನ್ನು ರದ್ದಿಗೆ ಹಾಕಬೇಡಿ. ವಿಕಿಪೀಡಿಯದಲ್ಲಿ ಆಧಾರ ಎಂದರೆ ಇಂಟರ್ನೆಟ್ ಲಿಂಕೇ ಆಗಬೇಕೆಂದಿಲ್ಲ. ಅಚ್ಚಾದ ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಕೊಟ್ಟರೂ ಸಾಕು. ನಮ್ಮ ಜಿಲ್ಲೆಗಳ ರೈತ ನಾಯಕಿಯರು, ದಲಿತ ಹೋರಾಟಗಾರರು ಅಲ್ಲಿಗೆ ಹೋಗದೆ ಇರುವುದಕ್ಕೆ ಒಂದು ಕಾರಣ, ಅವರ ಬಗ್ಗೆ ಬಂದ ಸುದ್ದಿಯೆಲ್ಲ ಯಾರದೋ ಮನೆಯ ಟ್ರಂಕಿನಲ್ಲಿ ಉಳಿದಿರುವುದು.

ನಾಲ್ಕನೆಯದು ನಮ್ಮಂಥವರದ್ದು. ಮುಂದಿನ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯ ಮೆರವಣಿಗೆಯ ಜೊತೆಗೆ, ಕಣದಲ್ಲಿ ಇರುವ ಪ್ರತಿಯೊಬ್ಬರನ್ನೂ ಭೇಟಿ ಮಾಡಿ ಯಾಕೆ ನಿಂತಿರಿ ಎಂದು ಕೇಳಿ ಬರೆಯಬೇಕು. ಡಮ್ಮಿ ಯಾರು, ನಿಜವಾಗಿ ಜನರ ಪ್ರಶ್ನೆ ಹಿಡಿದು ನಿಂತವರು ಯಾರು ಎಂಬುದು ಹಾಗೆ ಕೇಳಿದಾಗಲೇ ಗೊತ್ತಾಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದಾಗ, ನಿಲ್ಲಬೇಕೆಂದಿದ್ದ ಎಷ್ಟೋ ಜನರಿಗೆ ಸೋಲುವ ಅವಕಾಶವೂ ಸಿಗಲಿಲ್ಲ. ಅವರ ಬಗ್ಗೆಯೂ ಬರೆಯಬೇಕು. ಬರೆದದ್ದು ಉಳಿದರೆ ವಿಶ್ವಕೋಶ ತಾನಾಗಿ ಹಿಂದೆ ಬರುತ್ತದೆ.

ಅಣ್ಣಂದಿರಿಗೆ ಕೊನೆಯ ಮಾತು. ಪೇಜ್ ಮಾಡಿಸುವ ಹಣದಲ್ಲಿ ಊರ ಗ್ರಂಥಾಲಯಕ್ಕೆ ಒಂದು ವರ್ಷ ನಾಲ್ಕು ಪತ್ರಿಕೆ ಹಾಕಿಸಿ. ನೀವು ಮಾಡಿದ ಕೆಲಸ ಅದರಲ್ಲಿ ಸುದ್ದಿಯಾಗಿ ಬಂದರೆ, ನೀವು ಕೇಳದೆಯೇ ಯಾರೋ ಒಬ್ಬರು ನಿಮ್ಮ ಬಗ್ಗೆ ಬರೆಯುತ್ತಾರೆ. ಬರದಿದ್ದರೆ ನಾವು ಬರೆದುಕೊಟ್ಟರೂ ಆ ಪುಟ ನಿಲ್ಲುವುದಿಲ್ಲ.